ಫಾರ್ಮ್ಯಾಟ್ ಹೊಡೆಸುವ ಮುನ್ನ: ಗೇಮ್ ಬ್ಯಾಕಪ್ ಮಾಡುವುದು ಹೇಗೆ?

“ಮಾವ, ಗೇಮ್ ಎಲ್ಲಾ ಡಿ ಡ್ರೈವಿಗೆ ಹಾಕಿಟ್ಟಿದ್ದೆ. ಆದ್ರೂ ಹೋಗೇತಿ ನೋಡ್ರಿ.”

ವಿದ್ಯಾನಗರದಿಂದ ಅಕ್ಕನ ಮಗ ಫೋನ್ ಮಾಡುವ ಹೊತ್ತಿಗೆ ಅವನ ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್ ಬಿದ್ದು ಒಂದು ತಾಸಾಗಿತ್ತು. ಗೇಮ್ ಎಲ್ಲೂ ಹೋಗಿರಲಿಲ್ಲ, ಡಿ ಡ್ರೈವಿನಲ್ಲಿ ಗುಂಡುಕಲ್ಲಿನ ಹಾಗೆ ಕೂತಿತ್ತು. ಹೋಗಿದ್ದು ಅವನು ಎರಡು ವರ್ಷ ಆಡಿದ ಆಟ. ಆಟ ಎಲ್ಲಿಯವರೆಗೆ ಬಂದಿದೆ ಎಂದು ಬರೆದಿಡುವ ಸೇವ್ ಫೈಲುಗಳು ಇದ್ದದ್ದು ಫಾರ್ಮ್ಯಾಟಿನಲ್ಲಿ ಅಳಿಸಿಹೋದ ಸಿ ಡ್ರೈವಿನಲ್ಲಿ. ಎಲ್ಲ ಸೇರಿ ಹತ್ತು ಎಂಬಿ ಇದ್ದವೋ ಇಲ್ಲವೋ.

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಬರವಿಲ್ಲ. ಆದರೂ ಇದೇ ತಪ್ಪನ್ನು ನಾನು ನಾಲ್ಕಾರು ಮನೆಗಳಲ್ಲಿ ನೋಡಿದ್ದೇನೆ. ಗೇಮ್ ಇರುವ ಜಾಗ ಬೇರೆ, ನೀವು ಆಡಿದ್ದು ಇರುವ ಜಾಗ ಬೇರೆ. ಈ ಒಂದು ಮಾತು ತಲೆಯಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

1. ಏನೇನಿದೆ, ಪಟ್ಟಿ ಮಾಡಿ

ಡಿಸ್ಕ್ ಎಷ್ಟು, ಕಾರ್ಟ್ರಿಜ್ ಎಷ್ಟು, ಡೌನ್‌ಲೋಡ್ ಎಷ್ಟು, ಯಾವುದು ಯಾವ ಇಮೇಲ್ ಐಡಿಯಲ್ಲಿ ಕೊಂಡದ್ದು. ಒಂದು ಹಾಳೆ ಸಾಕು.

2. ಯಾವ ದೇಶದ್ದು, ನೋಡಿ

ಅಮೆರಿಕದಿಂದ ಬಂದ ನೆಂಟರು ಡಿಸ್ಕ್ ತಂದುಕೊಡುತ್ತಾರೆ, ಇಲ್ಲಿ ಹಾಕಿದರೆ ಓಡುವುದಿಲ್ಲ, “ಡಿಸ್ಕ್ ಕೆಟ್ಟಿದೆ” ಎಂದು ಅಟ್ಟ ಸೇರುತ್ತದೆ. ಕೆಟ್ಟಿರುವುದಿಲ್ಲ, ಅದು ರೀಜನ್ ಲಾಕ್, ಅಂದರೆ ಒಂದು ದೇಶದ ಡಿಸ್ಕ್ ಇನ್ನೊಂದು ದೇಶದ ಕನ್ಸೋಲಿನಲ್ಲಿ (ಗೇಮ್ ಯಂತ್ರದಲ್ಲಿ) ಓಡದಂತೆ ಹಾಕಿದ ಬೀಗ. ಪ್ಲೇಸ್ಟೇಷನ್ 2 ಆಗಿದ್ದರೆ ಬಾಕ್ಸಿನ ಮೇಲೆ, ಡಿಸ್ಕಿನ ಮೇಲೆ ಇರುವ ಸಣ್ಣ ಅಕ್ಷರಗಳನ್ನು ಓದಿ. ಎಸ್‌ಎಲ್‌ಇಎಸ್ ಅಥವಾ ಎಸ್‌ಸಿಇಎಸ್ ಎಂದಿದ್ದರೆ ಯುರೋಪಿನ ಪಾಲ್ (ಅಲ್ಲಿಯ ಟಿವಿ ಪದ್ಧತಿ) ಡಿಸ್ಕ್. ಇಲ್ಲಿ ಮಾರಿದ ಕನ್ಸೋಲುಗಳೂ ಪಾಲ್ ಆದ್ದರಿಂದ ನಡೆಯುತ್ತದೆ. ಎಸ್‌ಎಲ್‌ಯುಎಸ್ ಎಂದರೆ ಅಮೆರಿಕದ್ದು, ಎಸ್‌ಎಲ್‌ಪಿಎಂ ಎಂದರೆ ಜಪಾನಿನದು. ಇವೆರಡಕ್ಕೂ ಆಯಾ ದೇಶದ ಕನ್ಸೋಲೇ ಬೇಕು. ಹಾಗಂತ ಅಮೆರಿಕದ ಹಳೆಯ ಪ್ಲೇಸ್ಟೇಷನ್ 2 ತರಿಸಿಕೊಂಡು ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಡಿ. ಅದು 120 ವೋಲ್ಟಿನದು, ನಮ್ಮದು 230. ಹಿಂಬದಿಯ ಸ್ಟಿಕರ್ ಓದುವ ತಾಳ್ಮೆ ಇಲ್ಲದವರ ಮನೆಯಲ್ಲಿ ಹೊಗೆ ಬಂದದ್ದುಂಟು.

ಪ್ಲೇಸ್ಟೇಷನ್ 4, 5, ಎಕ್ಸ್‌ಬಾಕ್ಸ್ ಒನ್, ನಿಂಟೆಂಡೊ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಯಾವ ದೇಶದ ಡಿಸ್ಕ್ ಅಥವಾ ಕಾರ್ಡ್ ಹಾಕಿದರೂ ಓಡುತ್ತದೆ. ಎಕ್ಸ್‌ಬಾಕ್ಸ್ 360ಯಲ್ಲಿ ಮಾತ್ರ ಗೇಮ್ ಹೊರತಂದ ಕಂಪನಿಯ ಮರ್ಜಿ, ಬಾಕ್ಸ್ ನೋಡಿಯೇ ಕೊಳ್ಳಿ. ಹೊಸ ಕನ್ಸೋಲುಗಳಲ್ಲಿ ಬೀಗ ಡಿಸ್ಕಿನಿಂದ ಖಾತೆಗೆ ಹೋಗಿದೆ. ಅಮೆರಿಕದ ಡಿಸ್ಕ್ ಹಾಕಿ, ಅದರ ಹೆಚ್ಚುವರಿ ಭಾಗವನ್ನು ಭಾರತದ ಖಾತೆಯಲ್ಲಿ ಕೊಂಡರೆ ಎರಡೂ ಕೂಡಿಕೊಳ್ಳುವುದಿಲ್ಲ. ಡಾಲರಿನ ಗಿಫ್ಟ್ ಕಾರ್ಡ್ ನಿಮ್ಮ ಖಾತೆಗೆ ಹತ್ತುವುದಿಲ್ಲ. ಪ್ಲೇಸ್ಟೇಷನ್ ಖಾತೆ ತೆರೆಯುವಾಗ ಆರಿಸಿದ ದೇಶವನ್ನು ಆಮೇಲೆ ಬದಲಿಸಲಾಗದು ಎಂದೇ ತಿಳಿದು ಆರಿಸಿ. 2025ರಲ್ಲಿ ಜಪಾನಿನಲ್ಲಿ 49,980 ಯೆನ್ನಿಗೆ ಬಿಡುಗಡೆಯಾದ ಸ್ವಿಚ್ 2 ಅಲ್ಲಿ ಅಗ್ಗವಾಗಿ ಸಿಗುತ್ತದೆ ಎಂದು ಯಾರಾದರೂ ತರಿಸಲು ಹೊರಟಿದ್ದರೆ ಒಂದು ಮಾತು: ಆ ಬೆಲೆಯದು ಬರೀ ಜಪಾನಿ ಭಾಷೆಯದು, ಜಪಾನ್ ದೇಶದ ಖಾತೆ ಮಾತ್ರ ಅದಕ್ಕೆ ಒಗ್ಗುತ್ತದೆ.

3. ಡಿಸ್ಕ್ ಒರೆಸಿ

ಮೆತ್ತನೆ ಬಟ್ಟೆ, ನಡುವಿನಿಂದ ಅಂಚಿಗೆ ನೇರ ಗೆರೆ. ಸುತ್ತ ತಿರುಗಿಸಿ ಒರೆಸಬೇಡಿ. ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲಂತೂ ಮುಟ್ಟಲೇಬೇಡಿ.

ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಉಪಾಯವನ್ನು ಯಾರು ಹಬ್ಬಿಸಿದರೋ! ಸಿಡಿಯಲ್ಲಿ 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನ ಆಚೆ ಡೇಟಾ ಇರುತ್ತದೆ, ಸ್ವಲ್ಪ ಸವೆದರೂ ತಡೆದುಕೊಳ್ಳುತ್ತದೆ. ಪ್ಲೇಸ್ಟೇಷನ್ 3ರಿಂದ ಈಚಿನವು ಬ್ಲೂ-ರೇ. ಅದರಲ್ಲಿ ಡೇಟಾ ಇರುವುದು ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಆಳದಲ್ಲಿ. ಅದನ್ನು ಟೂತ್‌ಪೇಸ್ಟಿನಿಂದ ಉಜ್ಜುವುದೂ ಒಂದೇ, ಪಾಲಿಶ್ ಮಷಿನ್ನಿಗೆ ಕೊಡುವುದೂ ಒಂದೇ, ಕಸದ ಬುಟ್ಟಿಗೆ ಹಾಕುವುದೂ ಒಂದೇ. ಸಿಡಿಯ ವಿಷಯದಲ್ಲಿ ಜನ ಕೆಳಭಾಗವನ್ನಷ್ಟೇ ಜೋಪಾನ ಮಾಡುತ್ತಾರೆ. ನಿಜವಾದ ಅಪಾಯ ಚಿತ್ರವಿರುವ ಮೇಲ್ಭಾಗಕ್ಕೆ, ಡೇಟಾ ಪದರ ಇರುವುದು ಅದರ ಅಡಿಯಲ್ಲೇ. ಬಾಲ್ ಪೆನ್ನಿನಿಂದ ಹೆಸರು ಬರೆದಿರೋ, ಮುಗಿಯಿತು.

4. ಡಿಸ್ಕ್ ಕಾಪಿ

“ಹಾಡಿನ ಸಿಡಿ ಕಾಪಿ ಆಗ್ತತಿ, ಗೇಮ್ ಸಿಡಿ ಯಾಕ ಆಗಲ್ಲ?” ಎಂದು ಕೇಳುವವರಿಗೆ: ಮೊದಲ ಪ್ಲೇಸ್ಟೇಷನ್ನಿನ ಡಿಸ್ಕಿನ ಒಳ ಅಂಚಿನಲ್ಲಿ ಜಾಡನ್ನೇ ಒಂದು ಲೆಕ್ಕಾಚಾರದಲ್ಲಿ ಅಲುಗಾಡಿಸಿ ಒತ್ತಿರುತ್ತಿದ್ದರು. ಕನ್ಸೋಲ್ ಆ ಅಲುಗಾಟದಲ್ಲಿ ಅಡಗಿದ ನಾಲ್ಕು ಅಕ್ಷರ ಓದಿ, ಡಿಸ್ಕ್ ಅಸಲಿಯೋ ನಕಲಿಯೋ, ಯಾವ ದೇಶದ್ದು ಎಂಬುದನ್ನು ಒಟ್ಟಿಗೇ ತೀರ್ಮಾನಿಸುತ್ತಿತ್ತು. ಮನೆಯ ಸಿಡಿ ರೈಟರ್‌ಗೆ ಆ ಅಲುಗಾಟ ಬರೆಯಲು ಬರುವುದಿಲ್ಲ. ಒಂದೇ ಕಲ್ಲಿಗೆ ಎರಡು ಹಕ್ಕಿ.

ನಮ್ಮ ಕಾಪಿರೈಟ್ ಕಾಯ್ದೆ, 1957ರ ಕಲಂ 52(1)(ಎಎ) ಪ್ರಕಾರ ನ್ಯಾಯವಾಗಿ ಕೊಂಡ ಕಂಪ್ಯೂಟರ್ ಪ್ರೋಗ್ರಾಮ್ ಕಳೆದೀತು, ಹಾಳಾದೀತು ಎಂಬ ಕಾರಣಕ್ಕೆ ತಾತ್ಕಾಲಿಕ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು. ಆದರೆ 2012ರ ತಿದ್ದುಪಡಿಯಲ್ಲಿ ಬಂದ ಕಲಂ 65ಎ ಇದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಕಾಪಿ ತಡೆಯುವ ಇಂಥ ಬೀಗವನ್ನು ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಆದ್ದರಿಂದ ನನ್ನ ಸಲಹೆ ಸೀದಾ: ಬೀಗವಿಲ್ಲದ ಹಳೆಯ ಡಿಸ್ಕುಗಳನ್ನು ಇಮೇಜ್ ಫೈಲ್ (ಇಡೀ ಡಿಸ್ಕಿನ ಪ್ರತಿ ಒಂದೇ ಫೈಲಿನಲ್ಲಿ) ಮಾಡಿಟ್ಟುಕೊಳ್ಳಿ. ಬೀಗವಿರುವುದಕ್ಕೆ ಕೈ ಹಾಕಬೇಡಿ.

ಬೀಗವಿರುವ ಡಿಸ್ಕಿನ ಕಥೆ ಇನ್ನೂ ವಿಚಿತ್ರ. 2000ದ ದಶಕದ ಎಷ್ಟೋ ಪಿಸಿ ಗೇಮುಗಳಲ್ಲಿ ಸೇಫ್‌ಡಿಸ್ಕ್ ಎಂಬ ಕಾವಲು ಇತ್ತು. ಅದರ ಡ್ರೈವರಿನಲ್ಲಿ ಭದ್ರತೆಯ ದೋಷವಿದೆ ಎಂದು ಮೈಕ್ರೋಸಾಫ್ಟ್ 2015ರಲ್ಲಿ ಹಳೆಯ ವಿಂಡೋಸುಗಳಲ್ಲಿ ಅದನ್ನು ಬಂದ್ ಮಾಡಿತು, ವಿಂಡೋಸ್ 10ಕ್ಕೆ ಸೇರಿಸಲೇ ಇಲ್ಲ. ದುಡ್ಡು ಕೊಟ್ಟು ಕೊಂಡ ಅಸಲಿ ಡಿಸ್ಕ್ ಇಂದು ಓಡುವುದಿಲ್ಲ! ಆಗ ಹುಡುಗರು ಬೀಗ ಮುರಿಯುವ ಕ್ರ್ಯಾಕ್ ಫೈಲ್ ಹುಡುಕಿ ವೈರಸ್ ತಂದುಕೊಳ್ಳುತ್ತಾರೆ. ಬೇಡ. ಅದೇ ಗೇಮ್ ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಇದೆಯೇ ನೋಡಿ. ಅಲ್ಲಿ ಬೀಗವಿಲ್ಲದ ಪ್ರತಿಯನ್ನೇ ಮಾರುತ್ತಾರೆ, ಆಫ್‌ಲೈನ್ ಇನ್‌ಸ್ಟಾಲರ್ ಇಳಿಸಿ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ರಿಯಾಯಿತಿ ಬಂದಾಗ ಒಂದು ಬೆಣ್ಣೆ ದೋಸೆ, ಕಾಫಿಯ ದುಡ್ಡಿಗೂ ಕೆಲವು ಸಿಗುತ್ತವೆ.

5. ಸೇವ್ ಫೈಲ್: ಎಲ್ಲರೂ ಎಡವುವುದು ಇಲ್ಲೇ

ಮೊದಲು ಪಿಸಿ. ಸೇವ್ ಎಲ್ಲಿದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಜಿಟಿಎ ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್, 2005ರ ಎನ್‌ಎಫ್‌ಎಸ್ ಮೋಸ್ಟ್ ವಾಂಟೆಡ್ ಮೂರೂ ಡಾಕ್ಯುಮೆಂಟ್ಸ್ ಒಳಗೆ ತಮ್ಮ ಹೆಸರಿನ ಫೋಲ್ಡರ್ ಮಾಡಿಕೊಳ್ಳುತ್ತವೆ. ಕೆಲವು ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್‌ನಲ್ಲಿ, ಕೆಲವು ಸೇವ್ಡ್ ಗೇಮ್ಸ್‌ನಲ್ಲಿ. ಹೊಸವು ಬಹಳಷ್ಟು ಆಪ್‌ಡೇಟಾ ಎಂಬ ಅಡಗಿದ ಫೋಲ್ಡರಿನಲ್ಲಿ. ಅದು ಕಾಣಬೇಕಾದರೆ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿ. ಒಳಗೆ ಲೋಕಲ್, ಲೋಕಲ್‌ಲೋ, ರೋಮಿಂಗ್ ಎಂದು ಮೂರು ಕೋಣೆಗಳು, ಮೂರನ್ನೂ ಜಾಲಾಡಿ. ಸ್ಟೀಮ್ (ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಇದ್ದರೆ ಅದರ ಯೂಸರ್‌ಡೇಟಾ ಫೋಲ್ಡರನ್ನೂ ಬಿಡಬೇಡಿ. ಗೇಮಿನ ಹೆಸರು ಹಾಕಿ ಪಿಸಿಗೇಮಿಂಗ್‌ವಿಕಿ ಎಂಬ ವೆಬ್‌ಸೈಟಿನಲ್ಲಿ ಹುಡುಕಿದರೆ ಜಾಗ ಸಿಗುತ್ತದೆ. ಯೂಟ್ಯೂಬ್ ವಿಡಿಯೊಗಿಂತ ನನಗೆ ಅದೇ ಮೇಲು.

ಡಾಕ್ಯುಮೆಂಟ್ಸ್ ಖಾಲಿ ಕಂಡರೆ ಗಾಬರಿಯಾಗಬೇಡಿ. ಈಗಿನ ವಿಂಡೋಸ್ ನೀವು ಗಮನಿಸುವ ಮೊದಲೇ ಡಾಕ್ಯುಮೆಂಟ್ಸನ್ನು ಮೈಕ್ರೋಸಾಫ್ಟಿನ ಕ್ಲೌಡ್ ಸೇವೆಯಾದ ಒನ್‌ಡ್ರೈವ್ ಒಳಗೆ ಸಾಗಿಸಿರಬಹುದು. ಅಂದರೆ ಎರಡು ಡಾಕ್ಯುಮೆಂಟ್ಸ್, ಒಂದರಲ್ಲಿ ಹಳೆಯ ಸೇವ್, ಇನ್ನೊಂದರಲ್ಲಿ ನಿನ್ನೆಯದು. ಫೈಲಿನ ತಾರೀಖು ನೋಡದೆ ಕಾಪಿ ಮಾಡಬೇಡಿ.

ಸ್ಟೀಮ್‌ನ ಬ್ಯಾಕಪ್ ಆಯ್ಕೆಯನ್ನು ನಂಬಿ ಕೂತವರಿದ್ದಾರೆ. ಅದು ಇನ್‌ಸ್ಟಾಲ್ ಆದ ಗೇಮಿನ ಫೈಲುಗಳಿಗೆ, ಮತ್ತೆ ಡೌನ್‌ಲೋಡ್ ಮಾಡುವುದು ತಪ್ಪಲಿ ಅಂತ. ಸೇವ್ ಅದರಲ್ಲಿ ಬರುವುದಿಲ್ಲ. ಸೇವನ್ನು ಇಂಟರ್ನೆಟ್ಟಿನಲ್ಲಿ ಇಡುವ ಸ್ಟೀಮ್ ಕ್ಲೌಡ್ ಬೇರೆ, ಅದೂ ಎಲ್ಲ ಗೇಮುಗಳಿಗೆ ಇಲ್ಲ. ಗೇಮಿನ ಪುಟದಲ್ಲಿ ಮೋಡದ ಗುರುತು ಇದೆಯೇ ನೋಡಿಕೊಳ್ಳಿ.

ಸಿಕ್ಕ ಫೋಲ್ಡರನ್ನು ಇಡಿಯಾಗಿ, ಹೆಸರು ಬದಲಿಸದೆ, ಎರಡು ಕಡೆ ಇಡಿ: ಒಂದು ಪೆನ್‌ಡ್ರೈವ್, ಒಂದು ಗೂಗಲ್ ಡ್ರೈವ್. ಆಮೇಲೆ ಪೆನ್‌ಡ್ರೈವ್ ಕಿತ್ತು ಇನ್ನೊಂದು ಕಂಪ್ಯೂಟರಿಗೆ ಹಾಕಿ ತೆರೆದು ನೋಡಿ. ಅಗ್ಗದ 2 ಟಿಬಿ ಪೆನ್‌ಡ್ರೈವುಗಳು ಬರುತ್ತವಲ್ಲ, ಅವು ಎಲ್ಲವನ್ನೂ ನುಂಗಿದ ಹಾಗೆ ತೋರಿಸುತ್ತವೆ, ತೆರೆದರೆ ಬರೀ ಹೆಸರುಗಳು.

ವಾಪಸ್ ಹಾಕುವ ಕ್ರಮವೂ ಮುಖ್ಯ. ಹೊಸ ವಿಂಡೋಸಿನಲ್ಲಿ ಗೇಮ್ ಹಾಕಿ, ಒಮ್ಮೆ ತೆರೆದು ಮುಚ್ಚಿ. ಆಗ ಅದು ತನ್ನ ಫೋಲ್ಡರ್ ತಾನೇ ಮಾಡಿಕೊಳ್ಳುತ್ತದೆ. ಅದರೊಳಗೆ ಹಳೆಯ ಸೇವ್ ಹಾಕಿ. ಮತ್ತೆ ತೆರೆದಾಗ ಕ್ಲೌಡಿನದು ಬೇಕೋ ಈ ಕಂಪ್ಯೂಟರಿನದು ಬೇಕೋ ಎಂದು ಸ್ಟೀಮ್ ಕೇಳಿದರೆ ಬೆರಳು ತಡೆಯಿರಿ. ಎರಡರ ತಾರೀಖೂ ಅಲ್ಲೇ ಇರುತ್ತದೆ. ಅವಸರದಲ್ಲಿ ತಪ್ಪು ಆರಿಸಿದರೆ ಹೊಸ ಖಾಲಿ ಸೇವ್ ಹಳೆಯದರ ಮೇಲೆ ಕೂರುತ್ತದೆ.

ಇನ್ನು ಕನ್ಸೋಲ್. ಡಿ ಡ್ರೈವಿನ ತಪ್ಪೇ ಇಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ಪ್ಲೇಸ್ಟೇಷನ್ 4ಕ್ಕೆ ಹೊರಗಿನ ಹಾರ್ಡ್‌ಡಿಸ್ಕ್ ಹಾಕಿ ಗೇಮುಗಳನ್ನೆಲ್ಲ ಸಾಗಿಸಿ, ಕನ್ಸೋಲ್ ಮಾರಿಬಿಡುತ್ತಾರೆ. ಎಕ್ಸ್‌ಟೆಂಡೆಡ್ ಸ್ಟೋರೇಜಿಗೆ (ಆ ಹೊರಗಿನ ಡಿಸ್ಕಿಗೆ) ಹೋಗುವುದು ಗೇಮ್ ಮಾತ್ರ, ಸೇವ್ ಒಳಗೇ ಉಳಿದು ಕೊಂಡವನ ಪಾಲಾಗುತ್ತದೆ. ಇನ್ನೊಂದು: ಆ ಕೆಲಸಕ್ಕೆ ಹಾರ್ಡ್‌ಡಿಸ್ಕನ್ನು ಕನ್ಸೋಲೇ ಫಾರ್ಮ್ಯಾಟ್ ಮಾಡುತ್ತದೆ. ಅದರಲ್ಲಿ ಅಕ್ಕನ ಮದುವೆಯ ಫೋಟೊಗಳಿದ್ದರೆ ಆಮೇಲೆ ಮನೆಯಲ್ಲಿ ಆಗುವುದಕ್ಕೆ ನಾನು ಹೊಣೆಯಲ್ಲ.

ಸರಿಯಾದ ದಾರಿ ಸೆಟ್ಟಿಂಗ್ಸ್‌ನ ಅಪ್ಲಿಕೇಶನ್ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್. ಅಲ್ಲಿ ಸಿಸ್ಟಮ್ ಸ್ಟೋರೇಜಿನ ಸೇವ್ ಆರಿಸಿ ಯುಎಸ್‌ಬಿಗೆ ಕಾಪಿ ಎಂದು ಕೊಡಿ. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32 ಎಂಬ ಫಾರ್ಮ್ಯಾಟಿನಲ್ಲಿ ಇರಬೇಕು, ಎನ್‌ಟಿಎಫ್‌ಎಸ್ ಇದ್ದರೆ ಕನ್ಸೋಲ್ ಕಣ್ಣೆತ್ತಿಯೂ ನೋಡುವುದಿಲ್ಲ. ಆ ಸೇವ್ ನಿಮ್ಮ ಖಾತೆಗೇ ಕಟ್ಟಿಹಾಕಿದ್ದು. ಗೆಳೆಯನ ಕನ್ಸೋಲಿನಲ್ಲಿ ಅವನ ಖಾತೆಯಲ್ಲಿ ತೆರೆಯುವುದಿಲ್ಲ, ನಿಮ್ಮ ಪಾಸ್‌ವರ್ಡ್ ಮರೆತರೆ ನಿಮಗೂ ತೆರೆಯುವುದಿಲ್ಲ. ಪ್ಲೇಸ್ಟೇಷನ್ 5ರ ಗೇಮುಗಳ ಸೇವನ್ನು ಹೀಗೆ ಒಂದೊಂದಾಗಿ ಪೆನ್‌ಡ್ರೈವಿಗೆ ತೆಗೆಯಲು ಬಿಡುವುದಿಲ್ಲ, ಪ್ಲೇಸ್ಟೇಷನ್ ಪ್ಲಸ್ ಚಂದಾ ಕಟ್ಟಿ ಕ್ಲೌಡಿಗೆ ಹಾಕಬೇಕು. ಸ್ವಿಚ್‌ನಲ್ಲಿ ಸೇವ್ ಇರುವುದು ಕಾರ್ಡಿನಲ್ಲೂ ಅಲ್ಲ, ಮೈಕ್ರೊಎಸ್‌ಡಿಯಲ್ಲೂ ಅಲ್ಲ, ಕನ್ಸೋಲಿನ ಹೊಟ್ಟೆಯಲ್ಲಿ. ಅಲ್ಲೂ ಚಂದಾ, ಅಲ್ಲೂ ಎಲ್ಲ ಗೇಮಿಗೆ ಕ್ಲೌಡ್ ಇಲ್ಲ. ನಾನು ಆಡಿದ ಆಟವನ್ನು ನಾನೇ ಉಳಿಸಿಕೊಳ್ಳಲು ವರ್ಷಕ್ಕೊಮ್ಮೆ ಕಪ್ಪ ಕಟ್ಟುವುದು ನನಗೆ ಇಂದಿಗೂ ಹೊಂದುವುದಿಲ್ಲ. ಆದರೂ ಕಟ್ಟುತ್ತಿದ್ದೇನೆ.

ಪ್ಲೇಸ್ಟೇಷನ್ 2 ಇಟ್ಟುಕೊಂಡವರು 8 ಎಂಬಿಯ ಅಸಲಿ ಮೆಮೊರಿ ಕಾರ್ಡ್ ಎರಡು ಇಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡಿದರೆ ಸಾಕು. ಹೆಸರಿಲ್ಲದ 128 ಎಂಬಿಯ ಕಾರ್ಡುಗಳನ್ನು ನಾನು ಮೂರು ಕೊಂಡಿದ್ದೆ, ಮೂರೂ ತೀರಿಕೊಂಡವು.

6. ಅಂಗಡಿಗೆ ಕೊಡಿ

ಲ್ಯಾಪ್‌ಟಾಪ್ ಮಾತ್ರ ಕೊಡಿ. ಅಕ್ಕನ ಮಗ ಆರು ತಿಂಗಳ ಮೇಲೆ ಮತ್ತೆ ಫಾರ್ಮ್ಯಾಟ್ ಹೊಡೆಸಲು ಹೋದಾಗ ಎಲ್ಲ ಸರಿಯಾಗಿಯೇ ಮಾಡಿದ್ದ. ಫೋಲ್ಡರ್ ಹುಡುಕಿದ್ದ, ತಾರೀಖು ನೋಡಿದ್ದ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದೂ ನೋಡಿದ್ದ. ಪೆನ್‌ಡ್ರೈವನ್ನು ಮಾತ್ರ ಲ್ಯಾಪ್‌ಟಾಪ್ ಬ್ಯಾಗಿನ ಸಣ್ಣ ಜೇಬಿನಲ್ಲೇ ಬಿಟ್ಟಿದ್ದ. ಅಂಗಡಿಯ ಹುಡುಗನಿಗೆ ವಿಂಡೋಸ್ ಹಾಕಲು ಒಂದು ಪೆನ್‌ಡ್ರೈವ್ ಬೇಕಿತ್ತು.

“ಖಾಲಿ ಐತೆ ಅನ್ಕೊಂಡೆ ಅಣ್ಣಾ” ಅಂದನಂತೆ. ಪುಣ್ಯಕ್ಕೆ ಗೂಗಲ್ ಡ್ರೈವಿನಲ್ಲಿ ಇನ್ನೊಂದು ಪ್ರತಿ ಇತ್ತು.