ಟೈಪ್ ಮಾಡುವವರ ಕೈಗೆ ಅಡ್ಡ ಬರದ ಇನ್‌ಪುಟ್ ಬಾಕ್ಸ್

ವೆಬ್ ಪುಟದ ಫಾರ್ಮಿಗೆ ಕೋಡ್ ಬರೆಯುವಾಗ ನಾನು ಇಟ್ಟುಕೊಂಡಿರುವ ನಿಯಮ ಒಂದೇ: ಜನ ಟೈಪ್ ಮಾಡುತ್ತಿರುವಷ್ಟು ಹೊತ್ತು ಕೋಡ್ ಬಾಯಿ ಮುಚ್ಚಿಕೊಂಡಿರಬೇಕು. ತಿದ್ದುವುದು, ತಪ್ಪು ತೋರಿಸುವುದು ಏನಿದ್ದರೂ ಅವರು ಆ ಬಾಕ್ಸ್ ಬಿಟ್ಟು ಮುಂದೆ ಹೋದ ಮೇಲೆ.

ಫೋನ್ ನಂಬರ್ ನೋಡಿ. ಅಂಕಿ ಒತ್ತುತ್ತಿದ್ದಂತೆ ನಡುವೆ ಸ್ಪೇಸ್ ಸೇರಿಸಿ ಚೆಂದ ಮಾಡಲು ಹೋದರೆ, ಸ್ಕ್ರಿಪ್ಟ್ ಹೊಸ ಮೌಲ್ಯ ತುಂಬಿದಾಗ ಕರ್ಸರ್ ಕೊನೆಗೆ ಜಿಗಿಯುತ್ತದೆ. ನಡುವಿನ ಒಂದು ಅಂಕಿ ತಿದ್ದಲು ಹೊರಟವರಿಗೆ ತಲೆನೋವು. ಕರ್ಸರ್ ಇದ್ದ ಜಾಗವನ್ನು ನೆನಪಿಟ್ಟುಕೊಂಡು ವಾಪಸ್ ಕೂರಿಸಬಹುದು, ಆದರೆ ಅಷ್ಟರಲ್ಲಿ ಅನ್‌ಡೂ ಕೆಟ್ಟಿರುತ್ತದೆ. ಹಾಗಾಗಿ ಸ್ಪೇಸ್, ಅಡ್ಡಗೆರೆ, ಆವರಣ ಎಲ್ಲವನ್ನೂ ಒಳಗೆ ಬಿಟ್ಟು, ಉಳಿಸುವಾಗ ಕಿತ್ತುಹಾಕುತ್ತೇನೆ.

ಓಟಿಪಿ ಬಾಕ್ಸಿಗೆ ‘ನಂಬರ್’ ಎಂಬ ಟೈಪ್ (ಬಾಕ್ಸಿನ ಬಗೆ) ಬಳಸುವುದಿಲ್ಲ. ಅದು ಎಣಿಕೆಗೆ, ಮೊತ್ತಕ್ಕೆ ಸರಿ. ಅದು ‘ಇ’ ಎಂಬ ಇಂಗ್ಲಿಷ್ ಅಕ್ಷರವನ್ನೂ ಒಪ್ಪುತ್ತದೆ, ಮೌಸ್ ಚಕ್ರ ತಿರುಗಿದರೆ ಅಂಕಿ ಬದಲಾಗುವುದೂ ಉಂಟು. ಟೈಪ್ ಟೆಕ್ಸ್ಟ್ ಇಟ್ಟು, ಯಾವ ಕೀಬೋರ್ಡ್ ಬೇಕೆಂದು ಹೇಳುವ ಇನ್‌ಪುಟ್‌ಮೋಡನ್ನು ನ್ಯೂಮರಿಕ್ ಎಂದರೆ ಮೊಬೈಲಿನಲ್ಲಿ ಅಂಕಿ ಕೀಬೋರ್ಡ್ ಬರುತ್ತದೆ. ಬಾಕ್ಸಿಗೆ ಏನು ತುಂಬಬೇಕೆಂದು ಸೂಚಿಸುವ ಆಟೋಕಂಪ್ಲೀಟ್‌ಗೆ ಒನ್-ಟೈಮ್-ಕೋಡ್ ಎಂದು ಕೊಟ್ಟರೆ ಎಸ್ಸೆಮ್ಮೆಸ್ಸಿನ ಕೋಡನ್ನು ಫೋನೇ ಮುಂದಿಡಬಲ್ಲದು.

ನಿಜವಾದ ಕೆಲಸ ಇರುವುದು ಕನ್ನಡದಲ್ಲಿ ಬರೆಯುವವರಿಗಾಗಿ. ಹೆಸರಿನ ಬಾಕ್ಸಿಗೆ ಎ-ಯಿಂದ-ಝಡ್ ಎಂಬ ರೆಜೆಕ್ಸ್ (ಯಾವ ಅಕ್ಷರ ಬರಬಹುದೆಂದು ಹೇಳುವ ಮಾದರಿ) ಹಾಕುವುದನ್ನು ಮೊದಲು ಬಿಡಬೇಕು. ಯೂನಿಕೋಡಿನ ‘ಅಕ್ಷರ’ ವರ್ಗವೊಂದನ್ನೇ ಒಪ್ಪಿದರೂ ಸಾಲದು: ಗುಣಿತದ ಚಿಹ್ನೆಗಳು, ವ್ಯಂಜನದ ಸ್ವರ ಕಳೆಯುವ ಹಲಂತ ಎಲ್ಲ ‘ಮಾರ್ಕ್’ ವರ್ಗಕ್ಕೆ ಸೇರಿದವು. ‘ರಾಜ್‌ಕುಮಾರ್’ ಎಂಬಲ್ಲಿ ಜ-ಕ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ (ಝೀರೋ ವಿಡ್ತ್ ನಾನ್-ಜಾಯ್ನರ್) ಎಂಬ ಸಂಕೇತವನ್ನೂ ಕಸವೆಂದು ಗುಡಿಸಬಾರದು. ಉದ್ದಕ್ಕೆ ಮಿತಿ ಹಾಕುವ ಮ್ಯಾಕ್ಸ್‌ಲೆಂಗ್ತ್ ಇನ್ನೊಂದು ಬಲೆ. ಬ್ರೌಸರ್ ಎಣಿಸುವುದು ಕಂಪ್ಯೂಟರ್ ಅಕ್ಷರಗಳನ್ನು ಸಂಗ್ರಹಿಸುವ ಯುಟಿಎಫ್-16 ಘಟಕಗಳನ್ನು. ‘ಸ್ತ್ರೀ’ ಓದುಗರ ಕಣ್ಣಿಗೆ ಒಂದು ಅಕ್ಷರ, ಅದರ ಲೆಕ್ಕದಲ್ಲಿ 6. ಮಿತಿ ಬೇಕೇ ಬೇಕಾದರೆ, ಓದುಗರ ಲೆಕ್ಕಕ್ಕೆ ಹತ್ತಿರವಾಗಿ ಪಠ್ಯ ಬಿಡಿಸುವ ಜಾವಾಸ್ಕ್ರಿಪ್ಟಿನ ಇಂಟ್ಲ್ ಸೆಗ್ಮೆಂಟರ್‌ನಿಂದ ಎಣಿಸಿ, ಮೀರಿದ್ದನ್ನು ತಿಳಿಸುತ್ತೇನೆ, ಕತ್ತರಿಸುವುದಿಲ್ಲ. ಅಂಕಿಗಳಲ್ಲೂ ಅಷ್ಟೆ: ಜಾವಾಸ್ಕ್ರಿಪ್ಟ್ ರೆಜೆಕ್ಸಿನಲ್ಲಿ ‘ಯಾವುದೇ ಅಂಕಿ’ ಎನ್ನುವ ಬ್ಯಾಕ್‌ಸ್ಲ್ಯಾಶ್-ಡಿಗೆ ‘೫’ ಅಂಕಿಯೇ ಅಲ್ಲ, ಹಾಗಾಗಿ ೦–೯ ಬಂದರೆ ಮೊದಲು 0–9ಕ್ಕೆ ಬದಲಿಸುತ್ತೇನೆ.

ಎಂಟರ್ ಕೀ ವಿಷಯಕ್ಕೂ ಎಚ್ಚರ ಬೇಕು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಲಿಪ್ಯಂತರ ಕೀಬೋರ್ಡಿನಲ್ಲಿ ಸೂಚಿಸಿದ ಪದವನ್ನು ಆರಿಸಲು ಎಂಟರ್ ಒತ್ತುವವರಿದ್ದಾರೆ. ಅದನ್ನೇ ‘ಕಳಿಸು’ ಎಂದುಕೊಂಡರೆ ಅರ್ಧ ಬರೆದ ಸಂದೇಶ ಹೊರಟುಬಿಡುತ್ತದೆ. ಪದ ಇನ್ನೂ ಜೋಡಣೆಯಲ್ಲಿದೆ ಎಂದು ತಿಳಿಸುವ, ಕೀ ಈವೆಂಟಿನ ಈಸ್‌ಕಂಪೋಸಿಂಗ್ ನೋಡಿ ತಡೆಯುತ್ತೇನೆ, ಸಫಾರಿ ಬ್ರೌಸರ್‌ಗಾಗಿ ಅದೇ ಸೂಚನೆ ಕೊಡುವ ಕೀಕೋಡ್ 229 ಅನ್ನೂ ನೋಡುತ್ತೇನೆ.

ಪೇಸ್ಟ್ ತಡೆಯಲು ಯಾರೇ ಕೇಳಿದರೂ ಒಪ್ಪುವುದಿಲ್ಲ. ಪಾಸ್‌ವರ್ಡ್ ಮ್ಯಾನೇಜರ್ ಬಳಸುವವರಿಗೆ ಅದು ಶಿಕ್ಷೆ. ವೆಬ್ ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಮಾರ್ಗಸೂಚಿಯಾದ 2023ರ ಡಬ್ಲ್ಯೂಸಿಎಜಿ 2.2 ಕೂಡ ಲಾಗಿನ್‌ನಲ್ಲಿ ಪೇಸ್ಟ್‌ಗೆ ಅವಕಾಶ ಕೊಡುವ ಕಡೆಗೇ ವಾಲುತ್ತದೆ. ಹಾಂ, ಬಾಕ್ಸಿನ ಫಾಂಟ್ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನಿನಲ್ಲಿ ಮುಟ್ಟಿದೊಡನೆ ಪುಟ ಹಿಗ್ಗುತ್ತದೆ. ಅದಕ್ಕೆ ಝೂಮ್ ನಿಷೇಧಿಸುವುದು ಪರಿಹಾರವಲ್ಲ, ಫಾಂಟ್ ದೊಡ್ಡದು ಮಾಡಿದರೆ ಮುಗಿಯಿತು.