ಭೇಟಿಯ ಪುಸ್ತಕ ತೋರಿಸಿದ ಉದ್ದೇಶ: ನನ್ನ ಅನುಭವ

ಕ್ರೈಸ್ತ ಸಭೆಯೊಂದರ ಪಾಲಕನಾಗಿದ್ದ ಮೊದಲ ವರ್ಷಗಳಲ್ಲಿ, ನನ್ನ ಸೇವೆಯ ಉದ್ದೇಶ ಶುದ್ಧವಾಗಿದೆಯೇ ಎಂದು ತಿಳಿಯಲು ಏಕಾಂತದಲ್ಲಿ ಪ್ರಾರ್ಥಿಸಿದರೆ ಸಾಕು ಎಂದು ನಂಬಿದ್ದೆ. ಹಾಗೆ ಕುಳಿತಾಗಲೆಲ್ಲ ಸಿಗುತ್ತಿದ್ದ ಉತ್ತರ ನನಗೆ ಅನುಕೂಲವಾಗಿಯೇ ಇರುತ್ತಿತ್ತು. ಹೃದಯವು ಎಲ್ಲಕ್ಕಿಂತ ವಂಚಕವೆಂದು ಬೈಬಲಿನ ಪ್ರವಾದಿ ಯೆರೆಮೀಯನು ತನ್ನ ಗ್ರಂಥದ 17ನೆಯ ಅಧ್ಯಾಯದಲ್ಲಿ ಹೇಳಿರುವುದನ್ನು ಎಷ್ಟೋ ಸಲ ಬೋಧಿಸಿದ್ದರೂ, ಅದೇ ಹೃದಯವನ್ನು ಸಾಕ್ಷಿಗೆ ಕರೆದು ನನ್ನ ವಿಚಾರಣೆಯನ್ನು ನಾನೇ ಮುಗಿಸಿಬಿಡುತ್ತಿದ್ದೆ.

ಕಣ್ಣು ತೆರೆಸಿದ್ದು ಮನೆಭೇಟಿಗಳನ್ನು ಬರೆದಿಡುತ್ತಿದ್ದ ಪುಸ್ತಕ. ವಾರ್ಷಿಕ ವರದಿಗಾಗಿ ಅದನ್ನು ತಿರುವಿಹಾಕುತ್ತಿದ್ದಾಗ ಒಂದು ಕುಟುಂಬದ ಹೆಸರು 14 ಕಡೆ ಕಂಡಿತು. ಆ ಮನೆಯಲ್ಲಿ ಕಾಯಿಲೆಯೂ ಇರಲಿಲ್ಲ, ದುಃಖವೂ ಇರಲಿಲ್ಲ. ಅವರು ಸಭೆಗೆ ಧಾರಾಳವಾಗಿ ಕೊಡುವವರು, ನನ್ನ ಪ್ರಸಂಗವನ್ನು ಬಾಯಿತುಂಬ ಹೊಗಳುವವರು. ಹಾಸಿಗೆ ಹಿಡಿದಿದ್ದ ಒಬ್ಬ ವೃದ್ಧೆಯ ಹೆಸರು ಇದ್ದದ್ದು ಒಂದೇ ಕಡೆ, ಅದೂ ಸಭೆಯ ಹಿರಿಯರೊಬ್ಬರು ನೆನಪಿಸಿದ ಮೇಲೆ ಹೋದದ್ದು. ಪ್ರಾರ್ಥನೆಯಲ್ಲಿ ನಾನು ಹೇಳದೆ ಬಿಟ್ಟಿದ್ದೆಲ್ಲ ನನ್ನದೇ ಕೈಬರಹದಲ್ಲಿ ದಿನಾಂಕಸಹಿತ ಅಲ್ಲಿತ್ತು.

ಆ ವಾರ ಥೆಸಲೋನಿಕ ಪಟ್ಟಣದ ಸಭೆಯವರಿಗೆ ಅಪೊಸ್ತಲ ಪೌಲನು ಬರೆದ ಮೊದಲ ಪತ್ರದ 2ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದೆ. ತಾನು ಮುಖಸ್ತುತಿ ಮಾಡಲಿಲ್ಲ ಎನ್ನುವಾಗ ಅವನು ‘ನೀವೇ ಬಲ್ಲಿರಿ’ ಎಂದು ಜನರನ್ನು ಸಾಕ್ಷಿಗೆ ಕರೆಯುತ್ತಾನೆ. ದ್ರವ್ಯಾಶೆಯನ್ನು ಮರೆಮಾಚಲಿಲ್ಲ ಎನ್ನುವಾಗ ಮಾತ್ರ ದೇವರನ್ನು ಕರೆಯುತ್ತಾನೆ. ಮಾತು ಜನರ ಕಿವಿಗೆ ಬೀಳುತ್ತದೆ, ಆಶೆ ಬೀಳುವುದಿಲ್ಲ. ಎರಡಕ್ಕೂ ತನ್ನ ಹೃದಯವೊಂದನ್ನೇ ಸಾಕ್ಷಿಯಾಗಿ ನಿಲ್ಲಿಸದ ಆ ಎಚ್ಚರವೇ ನನ್ನಲ್ಲಿ ಇಲ್ಲದಿದ್ದದ್ದು.

ಹಾಗಾಗಿ ಸಾಕ್ಷಿಗಳನ್ನು ಹುಡುಕಿಕೊಂಡೆ. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹವಾದ ಹಣದ ವಿಷಯದಲ್ಲಿ ಪೌಲನು ತನ್ನ ಜೊತೆಕೆಲಸದವನಾದ ತೀತನೊಂದಿಗೆ ಬೇರೆ ಸಹೋದರರನ್ನೂ ಕಳುಹಿಸಿ, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಯೋಗ್ಯವಾದದ್ದನ್ನೇ ಮಾಡಲು ಬಯಸಿದನೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯದಲ್ಲಿದೆ. ನಾನೂ ಕಾಣಿಕೆ ಎಣಿಸುವ ಕೆಲಸವನ್ನು ಇಬ್ಬರಿಗೆ ಒಪ್ಪಿಸಿ, ಯಾರು ಎಷ್ಟು ಕೊಟ್ಟರೆಂದು ನನಗೆ ತಿಳಿಸಬಾರದೆಂದು ಕೇಳಿಕೊಂಡೆ. ಮೊದಲ ಕೆಲವು ತಿಂಗಳು ಕಸಿವಿಸಿಯಾಯಿತು. ಆರಾಧನೆಗೆ ಬಂದವರ ಮುಖ ನೋಡುವಾಗ ಹಿಂದೆ ನನಗರಿವಿಲ್ಲದೆಯೇ ಮೊತ್ತವೊಂದು ಮನಸ್ಸಿಗೆ ಬರುತ್ತಿತ್ತೆಂಬುದು, ಆ ಮೊತ್ತ ಗೊತ್ತಿಲ್ಲದಂತಾದಾಗಲೇ ತಿಳಿದದ್ದು. ಭೇಟಿಯ ಪುಸ್ತಕವನ್ನು ಪ್ರತಿ ತಿಂಗಳು ಒಬ್ಬ ಹಿರಿಯರಿಗೆ ತೋರಿಸತೊಡಗಿದೆ. ಅವರು ಹೆಚ್ಚು ಮಾತನಾಡುವವರಲ್ಲ, ಬೆರಳಿಟ್ಟು ‘ಇಲ್ಲಿಗೆ ಏಕೆ ಹೋದಿರಿ?’ ಎಂದಷ್ಟೇ ಕೇಳುತ್ತಿದ್ದರು.

ಕೆಲವರು ಹೊಟ್ಟೆಕಿಚ್ಚಿನಿಂದ ಕ್ರಿಸ್ತನನ್ನು ಸಾರಿದರೂ ಪೌಲನು ಸಂತೋಷಪಟ್ಟನೆಂಬ ಫಿಲಿಪ್ಪಿಯವರಿಗೆ ಬರೆದ ಪತ್ರದ ಮಾತನ್ನು ಹಿಂದೆ ನಾನು ನೆವವಾಗಿ ಹಿಡಿದದ್ದುಂಟು. ಅದು ತಪ್ಪು ಓದು. ಅಲ್ಲಿ ಅವನು ಉದಾರಿಯಾಗಿರುವುದು ಇತರರ ಉದ್ದೇಶದ ಬಗ್ಗೆ. ತನ್ನ ವಿಷಯದಲ್ಲಾದರೋ, ಮನಸ್ಸಾಕ್ಷಿ ದೋಷ ತೋರಿಸದಿದ್ದರೂ ಅದರಿಂದಲೇ ತಾನು ನಿರ್ದೋಷಿಯಾಗಲಿಲ್ಲವೆಂದೂ, ಹೃದಯದ ಆಲೋಚನೆಗಳನ್ನು ಕರ್ತನೇ ಬೆಳಕಿಗೆ ತರುವನೆಂದೂ ಕೊರಿಂಥದವರಿಗೆ ಬರೆಯುತ್ತಾನೆ. ಈ ಮಾತಿನಿಂದ ನನಗೆ ಭಯವೂ ಬಿಡುಗಡೆಯೂ ಒಟ್ಟಿಗೇ ದೊರೆತವು. ಉದ್ದೇಶ ಪೂರ್ತಿ ಶುದ್ಧವಾಗುವವರೆಗೆ ಕಾಯದೆ, ಬೆರಕೆಯನ್ನು ಅರಿಕೆಮಾಡಿಕೊಂಡೇ ಹೊರಡಬೇಕೆಂದು ಕಲಿತೆ.

ಆ ವೃದ್ಧೆಯ ಮನೆಗೆ ಎರಡನೆಯ ಸಲ ಹೋದಾಗ ಆಕೆ ಗಾಬರಿಯಿಂದ ಏಳಲು ಪ್ರಯತ್ನಿಸಿ, ‘ಅಯ್ಯನವರೇ, ನನ್ನಿಂದ ಏನಾದರೂ ಆಗಬೇಕಿತ್ತೇ?’ ಎಂದು ಕೇಳಿದರು. ಏನೂ ಬೇಡವಮ್ಮಾ ಎಂದು ಹೇಳಿ, ಸ್ಟೂಲನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡು ಕುಳಿತೆ.