ಐಷಾರಾಮಿ ಕಾರಿನ ವಾರ್ಷಿಕ ಮಾರಾಟದ ಅಂಕಿಗಳನ್ನು ಕೊಳ್ಳುವವರು ಓದಬೇಕಾದ ಬಗೆ

ಪ್ರತಿ ವರ್ಷ ಜನವರಿ ಬಂತೆಂದರೆ ಮರ್ಸಿಡಿಸ್-ಬೆಂಜ್, ಬಿಎಂಡಬ್ಲ್ಯು, ಆಡಿ ಕಂಪನಿಗಳು ಹಿಂದಿನ ವರ್ಷ ಭಾರತದಲ್ಲಿ ಎಷ್ಟು ಕಾರು ಮಾರಿದೆವು, ಹೊಸ ವರ್ಷದಲ್ಲಿ ಯಾವ ಮಾದರಿಗಳನ್ನು ತರುತ್ತೇವೆ ಎಂಬುದನ್ನು ಪ್ರಕಟಿಸುತ್ತವೆ. ಕಲಬುರಗಿಯ ನೆಹರೂ ಗಂಜಿನಲ್ಲಿ ಹೊಸ ತೊಗರಿಯ ಆವಕ ಏರುವುದೂ, ವ್ಯಾಪಾರಸ್ಥರ ಕೈಯಲ್ಲಿ ಹಣ ಓಡಾಡುವುದೂ ಅದೇ ಹೊತ್ತಿಗೆ. 2024ರ ಜನವರಿಯಲ್ಲಿ ದಾಲ್ ಮಿಲ್ ನಡೆಸುವ ಸ್ನೇಹಿತರೊಬ್ಬರು ಗಾದಿಯ ಮೇಲೆ ಪತ್ರಿಕೆ ಹರಡಿ, ಆಡಿಯ ಶೇ 89ರ ಬೆಳವಣಿಗೆಯ ಕೆಳಗೆ ಪಟ್ಟಿ ಬರೆಯುವ ಪೆನ್ನಿನಿಂದ ಎರಡು ಗೆರೆ ಎಳೆದು, "ಇದೇ ಭಾಳ ಬೆಳ್ದದ ನೋಡ್ರಿ, ಇದನ್ನೇ ತೊಗೊಂಬಿಡಲೇನ್ರಿ?" ಎಂದು ಕೇಳಿದರು. ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿದ್ದೇನೆ.

ಮೊದಲು ಶೇಕಡಾವಾರು ಅಂಕಿಯನ್ನು ಬದಿಗಿಟ್ಟು ಕಾರುಗಳ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಆಡಿ ಭಾರತದಲ್ಲಿ 2022ರಲ್ಲಿ 4,187 ಮತ್ತು 2023ರಲ್ಲಿ 7,931 ಕಾರುಗಳನ್ನು ಮಾರಿತು. ಶೇ 89 ಬಂದದ್ದು ಹೀಗೆ. ನೆಟೆ ರೋಗ ಬಿದ್ದು ಎಕರೆಗೆ ಎರಡು ಕ್ವಿಂಟಲ್ ಬಂದ ಹೊಲದಲ್ಲಿ ಮರುವರ್ಷ ನಾಲ್ಕು ಕ್ವಿಂಟಲ್ ಬಂದರೆ ಇಳುವರಿ ಇಮ್ಮಡಿಯಾಯಿತು ಎನ್ನುವುದು ಸುಳ್ಳಲ್ಲ, ಆದರೆ ಆ ಹೊಲದ ಶಕ್ತಿ ಎಷ್ಟೆಂಬುದು ಅದರಿಂದ ತಿಳಿಯುವುದಿಲ್ಲ. ಮರುವರ್ಷ, ಅಂದರೆ 2024ರಲ್ಲಿ, ಆಡಿಯ ಮಾರಾಟ 5,816ಕ್ಕೆ ಇಳಿಯಿತು. ವರ್ಷದ ಮೊದಲರ್ಧದಲ್ಲಿ ಕಾರುಗಳ ಪೂರೈಕೆಯೇ ಸರಿಯಾಗಿ ಆಗಲಿಲ್ಲವೆಂಬುದು ಕಂಪನಿ ಕೊಟ್ಟ ಕಾರಣ. ಹಾಗಾಗಿ ಏರಿಕೆಯನ್ನು ನೋಡಿ ಮರುಳಾಗುವುದು ಹೇಗೆ ಸರಿಯಲ್ಲವೋ, ಇಳಿಕೆಯನ್ನು ನೋಡಿ ಕಾರೇ ಕೆಟ್ಟದ್ದೆಂದು ತೀರ್ಮಾನಿಸುವುದೂ ಹಾಗೆಯೇ ಸರಿಯಲ್ಲ.

ಎರಡು ವರ್ಷಗಳನ್ನು ಹೋಲಿಸಿದರೆ ಸಾಲದು; ಐದಾರು ವರ್ಷಗಳ ಅಂಕಿಗಳನ್ನು ಒಂದರ ಕೆಳಗೊಂದು ಬರೆಯಬೇಕು. ಮರ್ಸಿಡಿಸ್-ಬೆಂಜ್ ಭಾರತದಲ್ಲಿ 2018ರಲ್ಲಿ 15,538 ಕಾರು ಮಾರಿತ್ತು. ಕೋವಿಡ್ ವರ್ಷವಾದ 2020ರಲ್ಲಿ ಅದು 7,893ಕ್ಕೆ ಕುಸಿದು, 2021ರಲ್ಲಿ 11,242ಕ್ಕೆ ಏರಿತು. ಆ ವರ್ಷದ ಬೆಳವಣಿಗೆ ಶೇ 42 ಎಂದು ದೊಡ್ಡದಾಗಿ ಕಂಡರೂ, ಹಳೆಯ ಮಟ್ಟವನ್ನು ದಾಟಿದ್ದು 2022ರಲ್ಲಿ, 15,822 ಕಾರುಗಳೊಂದಿಗೆ. ಅನಂತರದ 17,408 ಮತ್ತು 2024ರ 19,565 ಮಾತ್ರ ನಿಜವಾದ ಮುನ್ನಡೆ. ಬಿಎಂಡಬ್ಲ್ಯು ಸಮೂಹದ 2024ರ ಅಂಕಿ 15,721. ಅದರಲ್ಲಿ ಅದೇ ಸಮೂಹದ 'ಮಿನಿ' ಎಂಬ ಬ್ರ್ಯಾಂಡಿನ ಕಾರುಗಳೂ ಸೇರಿವೆ ಎಂಬುದನ್ನು ಪಕ್ಕದಲ್ಲಿ ಬರೆದುಕೊಂಡರೆ ಹೋಲಿಕೆ ತಪ್ಪುವುದಿಲ್ಲ. ವರ್ಷವೆಂದರೆ ಯಾವ ವರ್ಷವೆಂಬುದನ್ನೂ ಗಮನಿಸಬೇಕು. ಈ ಮೂರೂ ಕಂಪನಿಗಳು ಇಲ್ಲಿ ಜನವರಿಯಿಂದ ಡಿಸೆಂಬರ್ ಲೆಕ್ಕ ಹೇಳುತ್ತವೆ. ಟಾಟಾ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕ ಹೇಳುತ್ತದೆ.

ಇನ್ನು "ಮಾರಾಟ" ಎಂಬ ಪದ. ಗಂಜಿಗೆ ಬಂದ ಚೀಲಗಳೆಲ್ಲ ಅಂದೇ ಮಾರಾಟವಾದವೆಂದು ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ಆವಕ ಬೇರೆ, ವಿಕ್ರಿ ಬೇರೆ. ಕಾರಿನ ವ್ಯವಹಾರದಲ್ಲಿಯೂ ಕಂಪನಿಯಿಂದ ಡೀಲರ್‌ಗೆ ಹೋದ ಕಾರು, ಡೀಲರ್‌ನಿಂದ ಗ್ರಾಹಕರಿಗೆ ಹೋದ ಕಾರು ಮತ್ತು ಆರ್‌ಟಿಒದಲ್ಲಿ ನೋಂದಣಿಯಾದ ಕಾರು ಎಂದು ಮೂರು ಲೆಕ್ಕಗಳಿವೆ. ಮರ್ಸಿಡಿಸ್-ಬೆಂಜ್ 2021ರ ಅಕ್ಟೋಬರ್‌ನಿಂದ ಭಾರತದಲ್ಲಿ ಕಾರುಗಳ ದಾಸ್ತಾನನ್ನು ತಾನೇ ಇಟ್ಟುಕೊಂಡು, ಗ್ರಾಹಕರ ಹೆಸರಿಗೆ ನೇರವಾಗಿ ಬಿಲ್ ಮಾಡುತ್ತಿದೆ. ಆದ್ದರಿಂದ ಅದರ ಅಂಕಿ ಗ್ರಾಹಕರ ಮನೆಗೆ ಹೋದ ಕಾರುಗಳಿಗೆ ಹತ್ತಿರವಾಗಿದೆ. ಆ ವ್ಯವಸ್ಥೆಯಲ್ಲಿ ಬೆಲೆ ದೇಶದಾದ್ಯಂತ ಒಂದೇ ಆಗಿರುವುದರಿಂದ, ಹೈದರಾಬಾದಿನ ಶೋರೂಮಿನಲ್ಲೋ ಬೆಂಗಳೂರಿನಲ್ಲೋ ಎಂದು ಚೌಕಾಶಿಗಾಗಿ ಅಲೆಯುವ ಅಗತ್ಯವೂ ಕಡಿಮೆ. ನೋಂದಣಿಯ ಲೆಕ್ಕವನ್ನು ಕೇಂದ್ರ ಸರ್ಕಾರದ ವಾಹನ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು; ಕಲಬುರಗಿಯ ಕೆಎ-32, ಯಾದಗಿರಿಯ ಕೆಎ-33, ಬೀದರ್‌ನ ಕೆಎ-38 ಕಚೇರಿಗಳನ್ನು ಬೇರೆ ಬೇರೆಯಾಗಿ ಆರಿಸಿಕೊಂಡರೆ ನಮ್ಮ ಜಿಲ್ಲೆಗಳಲ್ಲಿ ಯಾವ ಕಂಪನಿಯ ಕಾರುಗಳು ಎಷ್ಟಿವೆ ಎಂದು ತಿಳಿಯುತ್ತದೆ. ದೇಶದ ಒಟ್ಟು ಅಂಕಿಗಿಂತ ಆ ಸಣ್ಣ ಅಂಕಿಯನ್ನೇ ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಮುಂದೆ ಕಾರು ಮಾರಲು ಹೊರಟಾಗ ಅದನ್ನು ಕೇಳುವವರು ಈ ಊರುಗಳಲ್ಲಿಯೇ ಇರುತ್ತಾರೆ.

ಹೊಸ ಮಾದರಿಗಳ ಯೋಜನೆಯನ್ನು ಓದುವುದು ಇದಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಕೆಲಸ. ಕೊಳ್ಳುವವರಿಗೆ ಲಾಭ ಅಥವಾ ನಷ್ಟ ನಿರ್ಧಾರವಾಗುವುದೂ ಇಲ್ಲಿಯೇ. "ಈ ವರ್ಷ ಹನ್ನೆರಡು ಹೊಸ ಕಾರು" ಎಂದು ಕಂಪನಿ ಹೇಳಿದಾಗ ಅದರಲ್ಲಿ ಪೂರ್ತಿ ಹೊಸ ತಲೆಮಾರಿನ ಕಾರು ಎಷ್ಟು, ಬಂಪರ್, ದೀಪ, ಪರದೆ ಬದಲಾಗಿ ಬರುವ ಫೇಸ್‌ಲಿಫ್ಟ್ ಎಷ್ಟು, ಹೊಸ ಎಂಜಿನ್ನಿನ ವೇರಿಯಂಟ್ ಎಷ್ಟು ಎಂದು ಬಿಡಿಸಿ ನೋಡಬೇಕು. ಗಂಜಿನಲ್ಲಿ ಚೀಲಕ್ಕೆ ಕೊಳವೆ ಚುಚ್ಚಿ, ಕಾಳನ್ನು ಅಂಗೈಮೇಲೆ ಹರಡಿ, ಹೊಸ ಮಾಲಿನಲ್ಲಿ ಹಳೆಯದು ಬೆರೆತಿದೆಯೇ ಎಂದು ಬೆರಳಾಡಿಸಿ ನೋಡುವಂತೆಯೇ ಇದು. ಒಂದು ಮಾದರಿಯ ಆಯುಷ್ಯ ಸಾಮಾನ್ಯವಾಗಿ ಏಳು ವರ್ಷಗಳ ಆಸುಪಾಸು. ನಡುವೆ ಒಮ್ಮೆ ಫೇಸ್‌ಲಿಫ್ಟ್. ಉದ್ದನೆಯ ವೀಲ್‌ಬೇಸ್‌ನ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಮರ್ಸಿಡಿಸ್ ಇ-ಕ್ಲಾಸ್ 2017ರಲ್ಲಿ ಇಲ್ಲಿಗೆ ಬಂತು, 2021ರಲ್ಲಿ ಫೇಸ್‌ಲಿಫ್ಟ್ ಆಯಿತು, 2024ರ ಅಕ್ಟೋಬರ್‌ನಲ್ಲಿ ಹೊಸ ತಲೆಮಾರು ಬಂತು. ಆದರೆ ಆ ಹೊಸ ತಲೆಮಾರನ್ನು ಕಂಪನಿ 2023ರ ಏಪ್ರಿಲ್‌ನಲ್ಲಿಯೇ ಜಗತ್ತಿಗೆ ತೋರಿಸಿತ್ತು. ಅದನ್ನು ಗಮನಿಸಿದವರಿಗೆ, 2024ರ ಬೇಸಿಗೆಯಲ್ಲಿ ಕೊಳ್ಳುವ ಕಾರು ದೀಪಾವಳಿಯೊಳಗೆ ಹಿಂದಿನ ತಲೆಮಾರಿನದಾಗಬಹುದೆಂಬ ಅಂದಾಜು ಸಿಗುತ್ತಿತ್ತು. ಆದ್ದರಿಂದ ನಿಮಗೆ ಇಷ್ಟವಾದ ಮಾದರಿ ಭಾರತಕ್ಕೆ ಬಂದ ವರ್ಷ, ಫೇಸ್‌ಲಿಫ್ಟ್ ಆದ ವರ್ಷ, ವಿದೇಶದಲ್ಲಿ ಮುಂದಿನ ತಲೆಮಾರು ಕಾಣಿಸಿದ ದಿನ, ಈ ಮೂರನ್ನು ಬರೆದುಕೊಂಡ ಮೇಲೆಯೇ ಶೋರೂಮಿಗೆ ಹೋಗಬೇಕು. ಹಳೆಯ ತಲೆಮಾರನ್ನು ಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಬೆಲೆಯಲ್ಲಿ ಗಣನೀಯ ಇಳಿಕೆ ಸಿಗುವುದಾದರೆ, ದೋಷಗಳೆಲ್ಲ ತಿದ್ದಿಹೋಗಿರುವ ಕೊನೆಯ ವರ್ಷದ ಕಾರು ಉತ್ತಮ ಆಯ್ಕೆಯೇ.

ಯೋಜನೆಯಲ್ಲಿ ಹೆಸರಿಸಿದ ಕಾರು ಎಲ್ಲಿ ಜೋಡಣೆಯಾಗುತ್ತದೆ ಎಂಬುದೂ ಮುಖ್ಯ. ಮರ್ಸಿಡಿಸ್ ಪುಣೆ ಬಳಿಯ ಚಾಕಣದಲ್ಲಿ, ಬಿಎಂಡಬ್ಲ್ಯು ಚೆನ್ನೈನಲ್ಲಿ, ಆಡಿ ಛತ್ರಪತಿ ಸಂಭಾಜಿನಗರದಲ್ಲಿ (ಹಿಂದಿನ ಔರಂಗಾಬಾದ್) ಕಾರು ಜೋಡಿಸುತ್ತವೆ. ಹೊರದೇಶದಿಂದ ಸಿದ್ಧವಾಗಿಯೇ ಬರುವ ಕಾರಿಗೆ ಸುಂಕ ಬಹಳ ಹೆಚ್ಚು. ಬಿಡಿಭಾಗಕ್ಕೂ ಹೆಚ್ಚು ದಿನ ಕಾಯಬೇಕಾಗಬಹುದು. ವಿದ್ಯುತ್ ಕಾರಿನ ವಿಷಯದಲ್ಲಿ ತೆರಿಗೆಯ ಅಂತರ ದೊಡ್ಡದು: 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ 40 ಜಿಎಸ್‌ಟಿ, ವಿದ್ಯುತ್ ಕಾರಿಗೆ ಶೇ 5. ಆದರೂ ಕಲಬುರಗಿಯಿಂದ ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಸುಮಾರು 220 ಕಿಲೋಮೀಟರ್. ಸರ್ವಿಸ್‌ಗೆ ಅಲ್ಲಿಗೇ ಹೋಗುವುದಾದರೆ, ಹೋಗಿ ಬರುವ ದಾರಿಯಲ್ಲಿ ಚಾರ್ಜಿಂಗ್ ಎಲ್ಲಿ ಮಾಡುವಿರೆಂಬುದನ್ನು ಒಮ್ಮೆ ಸ್ವತಃ ಆ ದಾರಿಯಲ್ಲಿ ಹೋಗಿ ನೋಡಿಬರಬೇಕು.

ಕೊನೆಯ ಕೆಲಸ ಶೋರೂಮಿನಲ್ಲಿ. ಪೂರ್ತಿ ಹಣ ಕಟ್ಟುವ ಮೊದಲು ನಿಮಗೆ ಕೊಡುವ ಕಾರಿನ ಚಾಸಿಸ್ ಸಂಖ್ಯೆಯನ್ನು ಬರೆಸಿಕೊಂಡು, ಆ ಕಾರಿನ ಬಳಿಯೇ ನಿಂತು, ತಯಾರಾದ ತಿಂಗಳು ಮತ್ತು ವರ್ಷವನ್ನು ತೋರಿಸಿರೆಂದು ಕೇಳಿ. ಜನವರಿಯಲ್ಲಿ ಕೊಳ್ಳುವ ಕಾರು ಹಿಂದಿನ ವರ್ಷದ ದಾಸ್ತಾನಾಗಿದ್ದರೆ, ರಿಯಾಯಿತಿಯ ಮಾತು ಅಲ್ಲಿಂದಲೇ ಆರಂಭವಾಗಲಿ. ನನ್ನ ಸ್ನೇಹಿತರು ಹಾಗೆಯೇ ಮಾಡಿದರು. ಗೆರೆ ಎಳೆದಿದ್ದ ಆ ಪತ್ರಿಕೆಯ ಹಾಳೆಯ ಹಿಂಬದಿಯಲ್ಲಿಯೇ ತಿಂಗಳು, ವರ್ಷ, ಚಾಸಿಸ್ ಸಂಖ್ಯೆ ಬರೆದುಕೊಂಡು ಬಂದರು.